ಹುಣ್ಣಿಮೆಯ ಸಂಜೆಯ ಗ್ಯಾಮಾ ಸ್ಫೋಟ

2022ರ ಅಕ್ಟೋಬರ್ 9ನೆಯ ದಿನ ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆ. ನಸುಕಿನಲ್ಲೇ ಭೂಮಣ್ಣಿ ಬುಟ್ಟಿ ಹೊತ್ತು ಗದ್ದೆಗೆ ಹೋಗಿ, ತೆನೆಗಟ್ಟುತ್ತಿರುವ ಬಸುರಿ ನೆಲಕ್ಕೆ ಚರಗ ಬೀರಿ, ಹಬ್ಬದೂಟ ಮುಗಿಸಿ ವಿಶ್ರಮಿಸಿದ್ದ ಶಿವಮೊಗ್ಗೆಯ ಸೀಮೆಯ ಮೇಲೆ ಪೂರ್ಣಚಂದ್ರನು ಏರುತ್ತಿದ್ದಾಗ, ಸಂಜೆ 6 ಗಂಟೆ 47 ನಿಮಿಷದ ಹೊತ್ತಿಗೆ, ಸುಮಾರು ಇನ್ನೂರು ಕೋಟಿ ಜ್ಯೋತಿರ್ವರ್ಷಗಳ ದೂರದ ಗೆಲಾಕ್ಸಿಯೊಂದರಲ್ಲಿ ಮಹಾನಕ್ಷತ್ರವೊಂದು ಸಾಯುವಾಗ ಹೊಮ್ಮಿದ ಗ್ಯಾಮಾ ಕಿರಣಗಳು ಭೂಮಿಯನ್ನು ಬಂದು ಮುಟ್ಟಿದುವು. ಅವು ಬಂದುದು ಶರವೆಂಬ ಸಣ್ಣ ನಕ್ಷತ್ರಪುಂಜದ ಕಡೆಯಿಂದ. ಆ ಗಳಿಗೆಯಲ್ಲಿ ಆ ದಿಕ್ಕು ಶಿವಮೊಗ್ಗೆಯ ನೆತ್ತಿಯಿಂದ ಏಳೆಂಟು ಅಂಶಗಳಷ್ಟು ಮಾತ್ರ ವಾಯವ್ಯಕ್ಕೆ ಸರಿದಿತ್ತೆಂಬುದನ್ನು ಗಣಿತದಿಂದ ಯಾರಾದರೂ ತಿಳಿಯಬಹುದು. ಮನುಷ್ಯನು ಇದುವರೆಗೆ ಅಳೆದಿರುವ ಗ್ಯಾಮಾ ಸ್ಫೋಟಗಳಲ್ಲೆಲ್ಲ ಅತ್ಯುಜ್ಜ್ವಲವಾದುದು ಹೀಗೆ ಸಾಗರದ ರಸ್ತೆಯ ಆಲ್ಕೊಳ ವೃತ್ತದಲ್ಲಿ ಬಸ್ಸಿಗೆ ಕಾದು ನಿಂತವರ ತಲೆಯ ಮೇಲೆಯೇ ಎರಗಿತು. ನಿಂತವರಿಗೆ ಅದರ ಸುಳಿವು ಹತ್ತಲಿಲ್ಲ.

ಹತ್ತುವಂತೆಯೂ ಇರಲಿಲ್ಲ. ಕಣ್ಣಿಗೆ ಕಾಣುವ ಬೆಳಕಿನ ಒಂದು ಕಣಕ್ಕಿಂತ ಗ್ಯಾಮಾ ಕಿರಣದ ಒಂದು ಕಣದಲ್ಲಿ ಹತ್ತಾರು ಸಾವಿರದಿಂದ ಹಿಡಿದು ಲಕ್ಷ ಕೋಟಿಗಳವರೆಗಿನ ಪಟ್ಟು ಶಕ್ತಿಯಿರುವುದಾದರೂ, ಹತ್ತು ಮೀಟರ್ ನೀರಿನ ಪದರಕ್ಕೆ ಸಮನಾದ ತೂಕದ ವಾಯುಮಂಡಲವು ನಮ್ಮ ಮೇಲೆ ಹೊದಿಸಿದಂತಿದ್ದು, ಆ ಕಿರಣಗಳನ್ನು ಮೇಲೆಯೇ ಹೀರಿಬಿಡುತ್ತದೆ. ಆದರೆ ಆ ಸಂಜೆಯ ಹೊಡೆತಕ್ಕೆ ವಾಯುಮಂಡಲದ ಮೇಲಣ ಅಯಾನುಗೋಲವು ಹಲವು ಗಂಟೆಗಳ ಕಾಲ ಕಲಕಿಹೋಯಿತು. ಭಾರತದಲ್ಲಿದ್ದ ಮಿಂಚು ಪತ್ತೆಹಚ್ಚುವ ಉಪಕರಣಗಳು ಕೂಡ ಎಚ್ಚೆತ್ತುವೆಂದು ಐರೋಪ್ಯ ಬಾಹ್ಯಾಕಾಶ ಸಂಸ್ಥೆಯವರು ಅನಂತರ ಪ್ರಕಟಿಸಿದರು. ಗ್ಯಾಮಾ ಕಿರಣಗಳನ್ನು ನೇರವಾಗಿ ಹಿಡಿಯಬೇಕೆಂದರೆ ಮಾತ್ರ ಗಾಳಿಯ ಹೊದಿಕೆಯನ್ನು ದಾಟಿ ಉಪಗ್ರಹವನ್ನೇರಬೇಕು.

ಈ ವಿದ್ಯೆಯ ಹುಟ್ಟಿಗೆ ಕಾರಣವಾದುದು ಜ್ಞಾನದಾಹವಲ್ಲ, ಸಂಶಯ. 1963ರ ಅಣುಪರೀಕ್ಷಾ ನಿಷೇಧದ ಒಪ್ಪಂದವನ್ನು ಮೀರಿ ಸೋವಿಯತ್ ದೇಶವು ಗುಟ್ಟಾಗಿ ಅಣುಬಾಂಬನ್ನು ಪರೀಕ್ಷಿಸೀತೇ ಎಂದು ಕಾವಲು ಕಾಯುವುದಕ್ಕಾಗಿ ಅಮೆರಿಕವು ಹಾರಿಸಿದ್ದ ವೇಲಾ ಉಪಗ್ರಹಗಳು 1967ರ ಜುಲೈ 2ರಂದು ಬಾಂಬಿನದಲ್ಲದ ಗ್ಯಾಮಾ ಮಿಂಚೊಂದನ್ನು ದಾಖಲಿಸಿದುವು. ಬೇರೆ ಬೇರೆ ಉಪಗ್ರಹಗಳಿಗೆ ಒಂದೇ ಮಿಂಚು ತಾಗಿದ ಕಾಲಗಳ ಅಲ್ಪಾಂತರಗಳಿಂದ ದಿಕ್ಕನ್ನು ನಿರ್ಣಯಿಸಿ, ಅದು ಭೂಮಿಯದೂ ಅಲ್ಲ, ಸೂರ್ಯನದೂ ಅಲ್ಲವೆಂದು ಖಚಿತಪಡಿಸಿಕೊಂಡು, ಕ್ಲೆಬೆಸಾಡೆಲ್, ಸ್ಟ್ರಾಂಗ್, ಓಲ್ಸನ್ ಎಂಬ ಮೂವರು 1973ರಲ್ಲಿ ಇಂಥ ಹದಿನಾರು ಸ್ಫೋಟಗಳ ವಿವರವನ್ನು ಲೋಕಕ್ಕೆ ಪ್ರಕಟಿಸಿದರು.

ನಮ್ಮ ನಾಡಿನ ಪಾಲು ಬೆಂಗಳೂರಿನ ಇಸ್ರೋ ಉಪಗ್ರಹ ಕೇಂದ್ರದಲ್ಲಿ ಆರಂಭವಾಯಿತು. ಆ ಆರಂಭ ಸುಖಕರವಾಗಿರಲಿಲ್ಲ. ಅಲ್ಲಿ ಸಿದ್ಧವಾದ ಗ್ಯಾಮಾ ಸ್ಫೋಟ ಶೋಧಕವನ್ನು ಹೊತ್ತ ಮೊದಲನೆಯ ಸ್ರಾಸ್ ಉಪಗ್ರಹವು 1987ರ ಮಾರ್ಚ್ 24ರಂದೂ, ಎರಡನೆಯದು 1988ರ ಜುಲೈ 13ರಂದೂ ರಾಕೆಟ್ಟಿನೊಡನೆಯೇ ಸಮುದ್ರದ ಪಾಲಾದುವು. 1992ರ ಮೇ 20ರಂದು ಮೂರನೆಯದು ಕಕ್ಷೆಯನ್ನು ಸೇರಿತಾದರೂ, ಉದ್ದೇಶಿಸಿದುದಕ್ಕಿಂತ ಕೆಳಗಿನ ಕಕ್ಷೆಯಾದುದರಿಂದ ಎರಡು ತಿಂಗಳು ತುಂಬುವ ಮೊದಲೇ ವಾಯುಮಂಡಲಕ್ಕೆ ಜಾರಿ ಉರಿದುಹೋಯಿತು. 1994ರ ಮೇ 4ರಂದು ಹಾರಿದ ಸ್ರಾಸ್-ಸಿ2 ಎಂಬ, ಒಂದು ಕ್ವಿಂಟಲಿಗಿಂತ ಸ್ವಲ್ಪ ಹೆಚ್ಚು ತೂಗುತ್ತಿದ್ದ ಪುಟ್ಟ ಉಪಗ್ರಹವೇ ಕೊನೆಗೆ ವರ್ಷಗಟ್ಟಲೆ ನಿಂತು ಸ್ಫೋಟಗಳನ್ನು ಹಿಡಿದುಕೊಟ್ಟಿತು. ಇಸ್ರೋ ವಿಜ್ಞಾನಿ ಕಸ್ತೂರಿರಂಗನ್ ಮತ್ತವರ ಸಂಗಡಿಗರು ಎರಡು ಬಾರಿ ಸಮುದ್ರಕ್ಕೆ ಬಿದ್ದುದನ್ನು ಮೂರನೆಯ, ನಾಲ್ಕನೆಯ ಬಾರಿಯೂ ಕಟ್ಟಿದರಲ್ಲ, ಆ ಹಟಕ್ಕೆ ನಮ್ಮಲ್ಲಿ ಸಲ್ಲಬೇಕಾದಷ್ಟು ಕೀರ್ತಿ ಸಂದಿಲ್ಲವೆಂಬುದು ನನ್ನ ಅಭಿಪ್ರಾಯ.

ಆ ಶೋಧಕದ ತಿರುಳು ಸೀಸಿಯಂ ಅಯೊಡೈಡಿನ ಒಂದು ಹರಳು. ಗ್ಯಾಮಾ ಕಣವೊಂದು ಅದರೊಳಹೊಕ್ಕೊಡನೆ ಹರಳಿನಲ್ಲಿ ಕ್ಷಣಮಾತ್ರ ಮಂದವಾದ ಬೆಳಕು ಮಿನುಗುತ್ತದೆ; ಹರಳಿಗೆ ಅಂಟಿಕೊಂಡಿರುವ ದ್ಯುತಿವರ್ಧಕ ನಳಿಗೆಯು ಆ ಮಿನುಗನ್ನು ವಿದ್ಯುತ್ತಿನ ಮಿಡಿತವಾಗಿ ಮಾರ್ಪಡಿಸುತ್ತದೆ; ಮಿಡಿತದ ಎತ್ತರದಿಂದ ಕಣದ ಶಕ್ತಿಯೂ, ಮಿಡಿತಗಳ ಸಂಖ್ಯೆಯಿಂದ ಕಿರಣಗಳ ತೀವ್ರತೆಯೂ ಗೊತ್ತಾಗುತ್ತವೆ. ಆದರೆ ವಿಶ್ವಕಿರಣಗಳ ದೆಸೆಯಿಂದ ಹರಳು ಸದಾ ಮಿನುಗುತ್ತಲೇ ಇರುವುದರಿಂದ, ಆಷಾಢದ ಜಡಿಮಳೆಯ ಏಕನಾದದ ನಡುವೆ ಹಂಚಿನ ಮೇಲೆ ಒಮ್ಮೆಲೇ ರಭಸವೇರಿದುದನ್ನು ಕಿವಿ ಗುರುತಿಸುವಂತೆ, ಎಣಿಕೆಯು ವಾಡಿಕೆಯ ಏರಿಳಿತಗಳನ್ನು ಮೀರಿ ನೆಗೆದ ಗಳಿಗೆಯನ್ನು ಯಂತ್ರವೇ ಗುರುತಿಸಬೇಕು. ನೆಗೆತವನ್ನು ಗುರುತಿಸುವಷ್ಟರಲ್ಲಿ ಸ್ಫೋಟದ ಆರಂಭವು ಕಳೆದುಹೋಗಬಾರದೆಂದು, ಹಿಂದಿನ ಕೆಲವು ಕ್ಷಣಗಳ ಎಣಿಕೆಯನ್ನು ಸದಾ ನೆನಪಿನಲ್ಲಿಟ್ಟುಕೊಂಡು, ಏನೂ ಆಗದಿದ್ದರೆ ಅಳಿಸುತ್ತ ಹೋಗುವ ಏರ್ಪಾಟನ್ನು ಇಂಥ ಉಪಕರಣಗಳಲ್ಲಿ ಮಾಡಿರುತ್ತಾರೆ.

ಹೀಗೆ ದೊರೆತ ಎಣಿಕೆಯಿಂದ ಮೊದಲು ಅಳೆಯುವುದು ಸ್ಫೋಟದ ಆಯುಸ್ಸನ್ನು. ಮೊದಲ ಐದು ಪಾಲನ್ನೂ ಕೊನೆಯ ಐದು ಪಾಲನ್ನೂ ಬಿಟ್ಟು, ನಡುವಣ ನೂರಕ್ಕೆ ತೊಂಬತ್ತು ಪಾಲು ಕಣಗಳು ಬಂದು ಸೇರುವ ಅವಧಿಯೇ ಅದರ ಆಯುಸ್ಸು. ಎರಡು ಸೆಕೆಂಡಿಗಿಂತ ಕಡಮೆಯಾದವು ಬಹುಮಟ್ಟಿಗೆ ನ್ಯೂಟ್ರಾನ್ ನಕ್ಷತ್ರಗಳ ಡಿಕ್ಕಿಯಿಂದ ಹುಟ್ಟಿದವು, ಅದಕ್ಕಿಂತ ದೀರ್ಘವಾದವು ಮಹಾನಕ್ಷತ್ರಗಳ ಕುಸಿತದಿಂದ ಹುಟ್ಟಿದವು ಎಂಬುದು ಸಾಮಾನ್ಯವಾದ ವಿಂಗಡಣೆ. ಪ್ರಕೃತಿಯು ಈ ಗೆರೆಯನ್ನು ಆಗಾಗ ದಾಟುವುದುಂಟು. ಇನ್ನು ದೂರದ ಅಳತೆಗೆ ಗ್ಯಾಮಾ ಕಿರಣಗಳೇ ಸಾಲವು. 1997ರಲ್ಲಿ ಬೆಪ್ಪೊಸ್ಯಾಕ್ಸ್ ಉಪಗ್ರಹವು ಸ್ಫೋಟದ ಬಳಿಕ ಉಳಿಯುವ ಮಂದಪ್ರಭೆಯನ್ನು ಕಂಡುಕೊಟ್ಟ ಮೇಲೆಯೇ ಸಾಮಾನ್ಯ ದೂರದರ್ಶಕಗಳಿಂದ ಅದರ ವರ್ಣಪಟಲವನ್ನು ತೆಗೆದು, ಇವೆಲ್ಲ ನಮ್ಮ ಆಕಾಶಗಂಗೆಯಿಂದ ಅತಿದೂರದವೆಂದು ಸಿದ್ಧಪಡಿಸಲಾಯಿತು. ಲಡಾಖಿನ ಹಾನ್ಲೆಯಲ್ಲಿದ್ದು, ನಮ್ಮ ಹೊಸಕೋಟೆಯಿಂದ ನಡೆಸಲ್ಪಡುವ ಹಿಮಾಲಯನ್ ಚಂದ್ರ ದೂರದರ್ಶಕವು ಇಂದಿಗೂ ಇಂಥ ಮಂದಪ್ರಭೆಗಳನ್ನು ಹಿಂಬಾಲಿಸುತ್ತಿದೆ.

ಸ್ರಾಸ್-ಸಿ2 ಹಾರಿದ ಇಪ್ಪತ್ತೊಂದು ವರ್ಷಗಳ ಮೇಲೆ, 2015ರ ಸೆಪ್ಟೆಂಬರ್ 28ರಂದು, ನಮ್ಮ ಆಸ್ಟ್ರೋಸ್ಯಾಟ್ ಉಪಗ್ರಹವು ಆಕಾಶವನ್ನೇರಿತು. ಅದರಲ್ಲಿರುವ ಸಿಜೆಡ್‌ಟಿಐ ಎಂಬ ಉಪಕರಣವನ್ನು ಅಕ್ಟೋಬರ್ 6ರಂದು ಚಾಲನೆಗೊಳಿಸಿದ ದಿನವೇ ಅದು ಒಂದು ಗ್ಯಾಮಾ ಸ್ಫೋಟವನ್ನು ಹಿಡಿಯಿತು. ಇಲ್ಲಿ ಮುಖ್ಯ ಶೋಧಕವು ಮಿನುಗುವ ಹರಳಲ್ಲ. ಕ್ಯಾಡ್ಮಿಯಂ, ಜಿಂಕ್, ಟೆಲ್ಯೂರೈಡುಗಳ ಅರವತ್ತನಾಲ್ಕು ಬಿಲ್ಲೆಗಳಿವೆ, ಒಂದೊಂದು ಬಿಲ್ಲೆಯಲ್ಲಿ 256 ಮನೆಗಳು, ಒಟ್ಟು 16,384. ಒಂದು ಮನೆಯ ಅಗಲ ಎರಡೂವರೆ ಮಿಲಿಮೀಟರ್. ಈ ಉಪಕರಣವನ್ನು ಕಟ್ಟಿದುದು ನೇರ ಮುಂದಿರುವ ಎಕ್ಸ್ ಕಿರಣ ಮೂಲಗಳನ್ನು ನೋಡುವುದಕ್ಕೆ. ಆದರೆ ನೂರು ಸಾವಿರ ಎಲೆಕ್ಟ್ರಾನ್ ವೋಲ್ಟಿಗಿಂತ ಹೆಚ್ಚು ಶಕ್ತಿಯುಳ್ಳ ಕಣಗಳಿಗೆ ಅದರ ಸುತ್ತಣ ಕವಚವು ಅಡ್ಡಿಯಾಗದುದರಿಂದ, ಯಾವ ಮಗ್ಗುಲಿನಿಂದ ಬಂದ ಸ್ಫೋಟವೂ ಒಳಸೇರಿ ತನ್ನ ಗುರುತನ್ನು ಬಿಟ್ಟುಹೋಗುತ್ತದೆ. ಚಿತ್ರ ತೆಗೆಯುವವರಿಗೆ ಕುಂದಾದುದು ಸ್ಫೋಟ ಹುಡುಕುವವರಿಗೆ ವರವಾಯಿತು. ಐನೂರಕ್ಕೂ ಮಿಕ್ಕಿ ಸ್ಫೋಟಗಳು ಅದರ ಲೆಕ್ಕಕ್ಕೆ ಬಂದಿವೆ. ಆ ಲೆಕ್ಕವು ಮೊದಲು ಬಂದಿಳಿಯುವುದು ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ.

ಅಕ್ಕಪಕ್ಕದ ಎರಡು ಮನೆಗಳಲ್ಲಿ ಏಕಕಾಲಕ್ಕೆ ಮಿಡಿತ ಕಾಣಿಸಿದರೆ, ಒಂದೇ ಕಣವು ಒಂದರಲ್ಲಿ ತಾಗಿ ಇನ್ನೊಂದಕ್ಕೆ ಚಿಮ್ಮಿತೆಂದು ತಿಳಿಯಬೇಕು. ಅದು ಚಿಮ್ಮುವ ದಿಕ್ಕು ಆ ಕಿರಣದ ಕಂಪನದ ದಿಕ್ಕಿಗೆ ಲಂಬವಾಗಿರುವ ಸಂಭವ ಹೆಚ್ಚಾದುದರಿಂದ, ಇಂಥ ಸಾವಿರಾರು ಜೋಡಿಗಳನ್ನು ಎಣಿಸಿದಾಗ ಕಿರಣಗಳ ಧ್ರುವಣವು ತಿಳಿದುಬರುತ್ತದೆ. 2016ರ ಆಗಸ್ಟ್ 21ರ ಸ್ಫೋಟದಲ್ಲಿ ಧ್ರುವಣದ ದಿಕ್ಕು ನಡುನಡುವೆಯೇ ಹೊರಳಿದುದನ್ನು ಈ ಉಪಕರಣವು ತೋರಿಸಿಕೊಟ್ಟಿತು. ಸ್ಫೋಟದ ಧಾರೆಯಲ್ಲಿ ಕಾಂತಕ್ಷೇತ್ರವು ಹೇಗೆ ಹೆಣೆದುಕೊಂಡಿದೆ ಎಂಬ ಪ್ರಶ್ನೆಗೆ ಕೈಯಿಡಲು ಇದಕ್ಕಿಂತ ನೇರವಾದ ದಾರಿ ಸದ್ಯಕ್ಕಿಲ್ಲ.

ಹೆಚ್ಚಿನ ಬೆಳಕು ಅಳತೆಗೆ ಅನುಕೂಲವೆಂದೇ ಎಲ್ಲರೂ ಎಣಿಸುವರು. ಭೂಮಿ ಹುಣ್ಣಿಮೆಯ ಆ ಸ್ಫೋಟದಲ್ಲಿ ಅದಕ್ಕೆ ವ್ಯತಿರಿಕ್ತವಾಯಿತು: ಕಣಗಳು ಎಣಿಸಲಾಗದಷ್ಟು ದಟ್ಟವಾಗಿ ಸುರಿದುದರಿಂದ ನಾಸಾದ ಫರ್ಮಿಯಂಥ ಮಹಾಯಂತ್ರದ ಶೋಧಕಗಳು ಶಿಖರದ ಗಳಿಗೆಯಲ್ಲಿ ತಬ್ಬಿಬ್ಬಾದುವು; ಆದರೆ ಹತ್ತು ಸೆಂಟಿಮೀಟರ್ ಅಂಚಿನ ಡಬ್ಬಿಯಷ್ಟಿದ್ದ ಜಿಆರ್‌ಬಿಆಲ್ಫಾ ಎಂಬ ಐರೋಪ್ಯ ಕಿರು ಉಪಗ್ರಹವು, ತನ್ನ ಹರಳು ಚಿಕ್ಕದಾದ ಕಾರಣದಿಂದಲೇ, ಶಿಖರವನ್ನು ಕೆಡದಂತೆ ಅಳೆಯಿತು. ಸ್ವಿಫ್ಟ್ ಉಪಗ್ರಹವಂತೂ ಸುಮಾರು ಒಂದು ಗಂಟೆ ತಡವಾಗಿ ಮಂದಪ್ರಭೆಯನ್ನು ಮಾತ್ರ ಕಂಡು, ನಮ್ಮ ಆಕಾಶಗಂಗೆಯದೇ ಯಾವುದೋ ಮೂಲವೆಂದು ಮೊದಲು ಭ್ರಮೆಗೊಳಿಸಿತು.

ಒಂದು ಉಪಗ್ರಹಕ್ಕೆ ಆಕಾಶದ ದೊಡ್ಡ ಭಾಗವನ್ನು ಭೂಮಿಯೇ ಮರೆಮಾಡುವುದರಿಂದ, ಎಷ್ಟೋ ಸ್ಫೋಟಗಳು ಅದರ ಬೆನ್ನ ಹಿಂದೆಯೇ ಆಗಿಹೋಗುತ್ತವೆ. ಇದಕ್ಕೆ ಪರಿಹಾರವಾಗಿ, ಭೂಮಿಯ ಎರಡು ಎದುರು ಮಗ್ಗುಲುಗಳಲ್ಲಿ ಒಂದೇ ಬಗೆಯ ಎರಡು ಉಪಗ್ರಹಗಳನ್ನು ಸುತ್ತಿಸಿ ಇಡೀ ಆಕಾಶವನ್ನು ಕಾಯುವ, ದಕ್ಷ ಎಂಬ ಹೆಸರಿನ ಯೋಜನೆಯೊಂದನ್ನು ಮುಂಬಯಿಯ ಐಐಟಿಯವರೂ ಅವರ ಸಹಯೋಗಿಗಳೂ ಸರ್ಕಾರದ ಮುಂದಿಟ್ಟಿದ್ದಾರೆ.