ಗಣಕಯಂತ್ರದ ಹಾಜರಿ ಪುಸ್ತಕ

ಹುಕ್ಕೇರಿ ತಾಲ್ಲೂಕಿನಲ್ಲಿ ಮನೆಮನೆಗೆ ವಿದ್ಯುತ್ತನ್ನು ಹಂಚುತ್ತಿರುವ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ಸ್ಥಾಪಿತವಾದುದು 1969ರಲ್ಲಿ. ಅದೇ ವರ್ಷ ಅಮೆರಿಕೆಯ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರು ಯುನಿಕ್ಸ್ ಎಂಬ ಗಣಕವ್ಯವಸ್ಥೆಗೆ ತಳಹದಿ ಹಾಕಿದರು. ಒಂದಕ್ಕೊಂದು ಸಂಬಂಧವಿಲ್ಲದಿದ್ದರೂ ಇವುಗಳಲ್ಲೊಂದು ಸಾಮ್ಯವುಂಟು. ಮನೆಯಲ್ಲಿ ಎಷ್ಟು ವಿದ್ಯುತ್ತು ವೆಚ್ಚವಾಯಿತೆಂಬುದನ್ನು ಮೀಟರು ಹೇಳುವುದೇ ಹೊರತು ದೀಪ ಹಚ್ಚಿದವರು ಅತ್ತೆಯೋ ಸೊಸೆಯೋ ಎಂಬುದನ್ನು ಹೇಳದು. ಯುನಿಕ್ಸು ಇಡುವ ಲೆಕ್ಕವೂ ಅಂಥದೇ.

ಯುನಿಕ್ಸಿನ ಮಾದರಿಯಲ್ಲಿ 1991ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಬೆಲೆಯಿಲ್ಲದೆ ದೊರೆಯುವುದರಿಂದ ಶಾಲೆಗಳಿಗೆ ಅನುಕೂಲವಾಗಿದೆ. ಇದರಲ್ಲಿ ಚಿತ್ರಗಳನ್ನು ಒತ್ತುವುದಕ್ಕೆ ಬದಲಾಗಿ ಆಜ್ಞಾಪದಗಳನ್ನು ಬೆರಳಚ್ಚಿಸಿಯೂ ಕೆಲಸ ಮಾಡಿಸಬಹುದು. 'ಹೂ' ಎಂಬ ಆಜ್ಞೆ ಮುಡಿಯುವ ಹೂವಲ್ಲ. 'ಯಾರು' ಎಂಬರ್ಥದ ಆಂಗ್ಲಪದ. ಅದನ್ನು ಬರೆದೊಡನೆ ಆಗ ಒಳಗಿರುವವರ ಹೆಸರುಗಳೂ ಅವರು ಬಂದ ವೇಳೆಯೂ ಪರದೆಯ ಮೇಲೆ ಮೂಡುತ್ತವೆ. 'ಡಬ್ಲ್ಯು' ಎಂಬ ಒಂಟಿ ಅಕ್ಷರವಂತೂ ಯಾರು ಯಾವ ಕೆಲಸದಲ್ಲಿದ್ದಾರೆ, ಎಷ್ಟು ಹೊತ್ತಿನಿಂದ ಸುಮ್ಮನೆ ಕುಳಿತಿದ್ದಾರೆ ಎಂಬುದನ್ನೂ ತಿಳಿಸುತ್ತದೆ. 'ಹಿಸ್ಟರಿ' ಎಂದರೆ ಬಳಕೆದಾರನು ಹಿಂದೆ ಕೊಟ್ಟ ಆಜ್ಞೆಗಳ ಪಟ್ಟಿ. ಆದರೆ ಅದನ್ನು ಅವನೇ ಅಳಿಸಿಬಿಡಬಹುದಾದ ಕಾರಣ ಅದಕ್ಕೆ ಸಾಕ್ಷಿಯ ಬೆಲೆ ಕಡಿಮೆ.

ನಿಜವಾದ ಹಾಜರಿ ಪುಸ್ತಕವೆಂದರೆ 'ಲಾಸ್ಟ್'. ಯಾರು ಎಂದು ಬಂದರು, ಎಂದು ಹೋದರು ಎಂಬುದೆಲ್ಲ ಇದರಲ್ಲಿ ಸಾಲುಸಾಲಾಗಿ ಇರುತ್ತದೆ. ಇದನ್ನು ಓದುವಾಗಲೇ ಎಚ್ಚರ ಬೇಕು. ಗೋಕಾಕದಲ್ಲಾಗಲಿ ಮೂಡಲಗಿಯಲ್ಲಾಗಲಿ ಪಾಠ ನಡೆದಿರುವಾಗ ವಿದ್ಯುತ್ತು ಹಠಾತ್ತನೆ ನಿಂತಿತೆನ್ನೋಣ. ಯಂತ್ರ ಮರಳಿ ಎದ್ದ ಮೇಲೆ, ಆಗ ಕುಳಿತಿದ್ದ ವಿದ್ಯಾರ್ಥಿಯ ಸಾಲಿನಲ್ಲಿ ಹೊರಟ ವೇಳೆಗೆ ಬದಲಾಗಿ 'ಕ್ರ್ಯಾಶ್' ಎಂದಿರುತ್ತದೆ. ಹುಡುಗನೇ ಸ್ವಿಚ್ಚು ಆರಿಸಿದ್ದರೂ ಅದೇ ಮಾತು. ಅವನು ಏನೂ ಅರಿಯದವನಾಗಿದ್ದರೂ ಅದೇ ಮಾತು. ದಾನಿಗಳು ಕೊಟ್ಟ ಯಂತ್ರವನ್ನು ಕೆಡಿಸಿದನೆಂದು ಅದೊಂದು ಪದದ ಆಧಾರದಿಂದ ಅವನನ್ನು ದಂಡಿಸಿದರೆ ಅದಕ್ಕಿಂತ ಅನ್ಯಾಯ ಬೇರೊಂದಿಲ್ಲ.

ಇನ್ನೂ ದೊಡ್ಡ ತೊಡಕು ಇಡೀ ತರಗತಿಗೆ ಒಂದೇ ಹೆಸರು, ಒಂದೇ ಗುಪ್ತಪದ ಕೊಡುವ ರೂಢಿ. ಉಪಾಧ್ಯಾಯರಿಗೆ ಇದು ಸುಲಭ, ನಿಜ. ಆದರೆ ಒಬ್ಬರ ಬರವಣಿಗೆಯನ್ನು ಇನ್ನೊಬ್ಬರು ಅಳಿಸಿದ ದಿನ ಪುಸ್ತಕದಲ್ಲಿ ಸಿಗುವುದು ಎಲ್ಲರಿಗೂ ಸೇರಿದ ಆ ಒಂದು ಹೆಸರು ಮಾತ್ರ. ಅನುಮಾನವು ತರಗತಿಯ ತುಂಟನ ಮೇಲೆಯೇ ಹೋಗುತ್ತದೆ. ಪ್ರತಿಯೊಬ್ಬರಿಗೂ ಬೇರೆ ಹೆಸರು ಕೊಡುವುದು ಒಂದೆರಡು ದಿನದ ಶ್ರಮ. ಹೀಗೆ ಲೆಕ್ಕ ಇಡಲಾಗುತ್ತಿದೆಯೆಂದು ಮಕ್ಕಳಿಗೆ ಮೊದಲೇ ತಿಳಿಸುವುದೂ ಅವಶ್ಯಕ. ಇಷ್ಟಾದರೂ ಗುಪ್ತಪದವನ್ನು ಗೆಳೆಯನ ಕಿವಿಯಲ್ಲಿ ಉಸುರಿದವನ ವಿಷಯದಲ್ಲಿ ಯಂತ್ರ ಮೂಕವೇ.

ಹಳೆಯ ಯಂತ್ರಗಳಲ್ಲಿ ಒಳಗಿನ ಪುಟ್ಟ ಬ್ಯಾಟರಿ ಸತ್ತು ಗಡಿಯಾರ ಹಿಂದೆ ಬೀಳುವುದುಂಟು. ಆಗ ಸೋಮವಾರ ಬಂದ ಹುಡುಗನು ಎಂದೋ ಕಳೆದ ವರ್ಷದ ರಜೆಯಲ್ಲಿ ಬಂದಂತೆ ದಾಖಲಾಗುತ್ತದೆ. ಆದ್ದರಿಂದ ದಿನದ ಪಾಠ ತೊಡಗುವ ಮೊದಲು 'ಡೇಟ್' ಎಂದು ಬೆರಳಚ್ಚಿಸಿ, ಯಂತ್ರ ತೋರಿಸುವ ದಿನವನ್ನೂ ವೇಳೆಯನ್ನೂ ಗೋಡೆಯ ಪಂಚಾಂಗದೊಡನೆ, ಗಡಿಯಾರದೊಡನೆ ಹೋಲಿಸಿ ನೋಡುವುದು ಲೇಸು.