ಬ್ರೆಡ್ ಪುಡಿಂಗಿನ ಪಾಕವಿಜ್ಞಾನ

ಮಿಕ್ಕ ರೊಟ್ಟಿಯನ್ನು ಬಿಸುಡಲೊಲ್ಲದ ಇಂಗ್ಲೆಂಡಿನ ಗೃಹಿಣಿಯರು ಹಾಲು, ಮೊಟ್ಟೆ, ಸಕ್ಕರೆಗಳೊಡನೆ ಅದನ್ನು ಬೇಯಿಸಿ ಮಾಡುತ್ತ ಬಂದ ಬ್ರೆಡ್ ಪುಡಿಂಗ್, ಹ್ಯಾನಾ ಗ್ಲಾಸ್ ಎಂಬಾಕೆಯ ಪಾಕಗ್ರಂಥವು 1747ರಲ್ಲಿ ಪ್ರಕಟವಾಗುವ ವೇಳೆಗಾಗಲೇ ಅಲ್ಲಿ ಮನೆಮಾತಾಗಿದ್ದಿತು. ಮಿತವ್ಯಯದ ತಿನಿಸೆಂದು ಇದನ್ನು ಹೊಗಳುವುದುಂಟು. ಆದರೆ ಹೊಸ ರೊಟ್ಟಿ ಕೈಗೆಟುಕುವಂತಿದ್ದರೂ ಬಲ್ಲವರು ಹಳೆಯದನ್ನೇ ಅರಸುವುದಕ್ಕೆ ರಸಾಯನಶಾಸ್ತ್ರಕ್ಕೆ ಸೇರಿದ ಕಾರಣವೊಂದಿದೆ.

ರೊಟ್ಟಿ ಹಳತಾಗಿ ಬಿರುಸಾಗುವುದೆಂದರೆ ಒಣಗುವುದೆಂಬುದೇ ಲೋಕದ ನಂಬಿಕೆ. ತೇವವು ಹೊರಹೋಗದಂತೆ ಭದ್ರವಾಗಿ ಮುಚ್ಚಿಟ್ಟ ರೊಟ್ಟಿಯೂ ಬಿರುಸಾಗುವುದೆಂದೂ, ಅದನ್ನು ಮತ್ತೆ ಕಾಯಿಸಿದರೆ ಕಳೆದುಹೋದ ಮಾರ್ದವವು ಮರಳುವುದೆಂದೂ ಫ್ರಾನ್ಸಿನ ರಸಾಯನಜ್ಞನಾದ ಬೂಸೆಂಗೋ 1852ರಲ್ಲಿಯೇ ತೋರಿಸಿ ಈ ನಂಬಿಕೆಯನ್ನು ಅಲುಗಿಸಿದನು. ಗೋಧಿಹಿಟ್ಟಿನ ಪಿಷ್ಟಕಣಗಳು ಒಲೆಯ ಕಾವಿನಲ್ಲಿ ನೀರನ್ನು ಹೀರಿ ಉಬ್ಬಿ, ತಮ್ಮೊಳಗಿನ ಅಣುಗಳ ಕ್ರಮಬದ್ಧವಾದ ಜೋಡಣೆಯನ್ನು ಕಳೆದುಕೊಳ್ಳುತ್ತವೆ. ರೊಟ್ಟಿ ತಣಿದ ಬಳಿಕ ಆ ಅಣುಸರಪಣಿಗಳು, ಅದರಲ್ಲಿಯೂ ಕವಲೊಡೆದ ಅಮೈಲೋಪೆಕ್ಟಿನ್, ದಿನಗಳೆದಂತೆ ಮತ್ತೆ ಒಂದರ ಪಕ್ಕದಲ್ಲೊಂದು ಸಾಲುಗಟ್ಟಿ ಸ್ಫಟಿಕರೂಪವನ್ನು ತಾಳುತ್ತವೆ. ಬಿರುಸುತನದ ಮೂಲ ಬಹುಮಟ್ಟಿಗೆ ಇದೇ. ಫ್ರಿಜ್ಜಿನ ತಂಪಿನಲ್ಲಿ ಈ ಕ್ರಿಯೆ ಮತ್ತಷ್ಟು ಶೀಘ್ರವಾಗಿ ನಡೆಯುವುದರಿಂದ, ರೊಟ್ಟಿಯನ್ನು ಅಲ್ಲಿಟ್ಟು ಕಾಪಾಡಿದೆವೆಂದು ತಿಳಿಯುವವರು ಅದನ್ನು ಬೂಸ್ಟಿನಿಂದ ಉಳಿಸಿರುತ್ತಾರೆಯೇ ಹೊರತು ಬಿರುಸಿನಿಂದಲ್ಲ.

ಉಪಾಹಾರಕ್ಕೆ ದೋಷವೆನಿಸುವ ಈ ಬಿರುಸೇ ಪುಡಿಂಗಿಗೆ ಗುಣ. ಹೊಸ ರೊಟ್ಟಿ ಹಾಲು ಸೋಕಿದೊಡನೆ ಕುಸಿದು ಅಂಬಲಿಯಾಗಬಹುದು. ಹಳೆಯದಾದರೋ ತನ್ನ ರಂಧ್ರಗಳ ಗೋಡೆಗಳನ್ನು ನಿಲ್ಲಿಸಿಕೊಂಡೇ ಹಾಲನ್ನು ಒಳಗೆಳೆದುಕೊಳ್ಳುತ್ತದೆ, ಮತ್ತು ಒಲೆಯಲ್ಲಿ ಉಷ್ಣತೆಯು 60 ಡಿಗ್ರಿ ಸೆಂಟಿಗ್ರೇಡನ್ನು ದಾಟುತ್ತಿರಲು ಅದರ ಸ್ಫಟಿಕಗಳು ಕರಗಿ, ಆಕಾರ ಕೆಡದೆಯೇ ಮೃದುವಾಗುತ್ತದೆ.

ಅರ್ಧ ಲೀಟರು ಹಾಲು, ಮೂರು ಮೊಟ್ಟೆ, ಸುಮಾರು 80 ಗ್ರಾಂ ಸಕ್ಕರೆ, ಚಿಟಿಕೆ ಉಪ್ಪು, ತುಸು ತೇದ ಜಾಯಿಕಾಯಿ, ಇವಿಷ್ಟನ್ನು ಕದಡಿ, ಬೆಣ್ಣೆ ಸವರಿದ ಸುಮಾರು 200 ಗ್ರಾಂ ರೊಟ್ಟಿಯ ಹೋಳುಗಳ ಮೇಲೆ ಸುರಿದು, ನಡುನಡುವೆ ಒಣದ್ರಾಕ್ಷಿಯನ್ನು ಉದುರಿಸಿ ಅರ್ಧ ಗಂಟೆ ನೆನೆಯಬಿಡಬೇಕು. ಇಲ್ಲಿಯವರೆಗೆ ಕಷ್ಟವೇನೂ ಇಲ್ಲ. ಮುಂದಿನದು ಮೊಟ್ಟೆಯ ಪ್ರೋಟೀನುಗಳ ಪರೀಕ್ಷೆ. ಬರಿಯ ಮೊಟ್ಟೆಯ ಬಿಳಿಭಾಗವು 60 ಡಿಗ್ರಿಯನ್ನು ಸ್ವಲ್ಪ ಮೀರಿದೊಡನೆಯೇ ಹೆಪ್ಪುಗಟ್ಟತೊಡಗುವುದಾದರೂ, ಹಾಲಿನಲ್ಲಿ ಚದುರಿ ಸಕ್ಕರೆಯ ಸಂಗವನ್ನು ಪಡೆದ ಪ್ರೋಟೀನುಗಳು ಪರಸ್ಪರ ಹೆಣೆದುಕೊಳ್ಳುವುದಕ್ಕೆ ಸುಮಾರು 80 ಡಿಗ್ರಿ ಬೇಕಾಗುತ್ತದೆ. ಹಾಲಿನ ಖನಿಜ ಲವಣಗಳೂ ಈ ಹೆಣಿಗೆಗೆ ಸಹಕಾರಿಗಳು. ಆದರೆ 85 ಡಿಗ್ರಿಯನ್ನು ಮೀರಿತೋ, ಬಲೆಯು ಅತಿಯಾಗಿ ಬಿಗಿದು, ಹಿಂಡಿದ ಬಟ್ಟೆಯಂತೆ ತನ್ನಲ್ಲಿನ ನೀರನ್ನು ಹೊರಚೆಲ್ಲಿ, ನಯವಾದ ಕಸ್ಟರ್ಡಿಗೆ ಬದಲಾಗಿ ಗಂಟುಗಂಟಾದ ಮೊಸರೊಡಕನ್ನು ಉಳಿಸುತ್ತದೆ.

ಇಷ್ಟು ಕಿರಿದಾದ ಅವಕಾಶದಲ್ಲಿ ಪಾಕವನ್ನು ನಿಲ್ಲಿಸುವ ಉಪಾಯವೆಂದರೆ, ಪಾತ್ರೆಯನ್ನು ಅದರ ಅರ್ಧ ಎತ್ತರದವರೆಗೆ ಬಿಸಿನೀರಿರುವ ತಟ್ಟೆಯಲ್ಲಿರಿಸಿ 160ರಿಂದ 170 ಡಿಗ್ರಿಯ ಓವನ್ನಿನೊಳಗಿಡುವುದು. ಸುತ್ತಲಿನ ಗಾಳಿ ಎಷ್ಟೇ ಕಾದರೂ ನೀರು 100 ಡಿಗ್ರಿಯನ್ನು ಮೀರಲಾರದು. ಮೇಲ್ಮೈಯ ಆವೀಕರಣವು ಅದನ್ನು ಇನ್ನೂ ಕೆಳಗೇ ತಡೆಹಿಡಿಯುತ್ತದೆ. ನೀರಿನಿಂದ ಮೇಲಕ್ಕೆ ತಲೆಯೆತ್ತಿದ ರೊಟ್ಟಿಯ ಅಂಚುಗಳಿಗೆ ಈ ಕಟ್ಟುಪಾಡಿಲ್ಲವಾದ್ದರಿಂದ, 1912ರಲ್ಲಿ ರಸಾಯನಜ್ಞ ಮೈಯಾರ್ ವಿವರಿಸಿದ ಸಕ್ಕರೆ ಮತ್ತು ಅಮೈನೋ ಆಮ್ಲಗಳ ಸಂಯೋಗಕ್ರಿಯೆ ಅಲ್ಲಿ ನಡೆದು ಹೊಂಬಣ್ಣವೂ ಪರಿಮಳವೂ ಹುಟ್ಟುತ್ತವೆ. ಮುಕ್ಕಾಲು ಗಂಟೆಯ ಸುಮಾರಿಗೆ, ನಡುಭಾಗವು ಇನ್ನೂ ಅಲುಗುತ್ತಿರುವಾಗಲೇ ಹೊರತೆಗೆಯಬೇಕು. ಉಳಿದ ಕೆಲಸವನ್ನು ಒಳಗಿನ ಶಾಖವೇ ಪೂರೈಸುತ್ತದೆ.

ಕಲಬುರಗಿ, ಬೀದರ್ ಕಡೆಯ ಔತಣಗಳಲ್ಲಿ ಕಾಣುವ ಡಬಲ್ ಕಾ ಮೀಠಾ ಇದರ ದಾಯಾದಿಯಂತೆ ತೋರಬಹುದು. ಆದರೆ ರೊಟ್ಟಿಯನ್ನು ತುಪ್ಪದಲ್ಲಿ ಕರಿದು ಪಾಕ ಮತ್ತು ಹಾಲುಗಳಲ್ಲಿ ನೆನೆಸುವ ಆ ಭಕ್ಷ್ಯದಲ್ಲಿ ಮೊಟ್ಟೆಯಿಲ್ಲ. ಆದುದರಿಂದ ಮೊಟ್ಟೆ ಒಡೆಯುವ ಅಂಜಿಕೆಯೂ ಇಲ್ಲ.

ಕಡೆಗೊಂದು ಎಚ್ಚರಿಕೆ: ಕಾವು ರೊಟ್ಟಿಯ ಬಿರುಸನ್ನು ಕಳೆಯಬಲ್ಲುದೇ ಹೊರತು ಬೂಸ್ಟು ಸ್ರವಿಸುವ ಕೆಲವು ವಿಷಗಳನ್ನು ಕಳೆಯಲಾರದು. ಬೂಸ್ಟು ಕಂಡ ರೊಟ್ಟಿಯನ್ನು ಪುಡಿಂಗಿಗೆ ಬಳಸಬಾರದು.