ಒಂದು ತುತ್ತು ನುಂಗುವಾಗ

ಊಟದ ನಡುವೆ ನಕ್ಕು ಕೆಮ್ಮು ಬಂದರೆ 'ನೆತ್ತಿಗೆ ಹತ್ತಿತು' ಎನ್ನುತ್ತೇವೆ. ಹಿರಿಯರು ತಲೆಯನ್ನು ಮೆಲ್ಲನೆ ತಟ್ಟಿ, 'ಯಾರೋ ನೆನೆಸಿಕೊಂಡರು' ಎಂದು ಸಮಾಧಾನ ಹೇಳುತ್ತಾರೆ. ನೆನೆದವರಿದ್ದರೆ ಸಂತೋಷವೇ. ಆದರೆ ಅನ್ನದ ಅಗುಳು ನೆತ್ತಿಗೆ ಏರಿರುವುದಿಲ್ಲ. ಧ್ವನಿಪೆಟ್ಟಿಗೆಯ ಬಾಗಿಲಿಗೆ ಇಳಿದಿರುತ್ತದೆ.

ಗಂಟಲು ಎರಡು ದಾರಿಗಳು ಸಂಧಿಸುವ ಸ್ಥಳ. ಮೂಗಿನಿಂದ ಬಂದ ಗಾಳಿ ಮುಂದಿರುವ ಶ್ವಾಸನಾಳಕ್ಕೂ ಬಾಯಿಂದ ಬಂದ ಆಹಾರ ಹಿಂದಿರುವ ಅನ್ನನಾಳಕ್ಕೂ ಹೋಗಬೇಕು. ಒಂದು ಇನ್ನೊಂದರ ದಾರಿಯನ್ನು ದಾಟದೆ ವಿಧಿಯಿಲ್ಲ. ರೈಲುಹಳಿಯನ್ನು ರಸ್ತೆ ದಾಟುವೆಡೆ ಗೇಟು ಬೇಕಾಗುವಂತೆ ಇಲ್ಲಿಯೂ ಒಂದು ಗೇಟು ಬೇಕು. ಧ್ವನಿಪೆಟ್ಟಿಗೆಯೇ ಆ ಗೇಟು. ಮಾತಿಗಾಗಿ, ಹಾಡಿಗಾಗಿ ಅದನ್ನು ಕೊಂಡಾಡುವ ನಾವು, ಶ್ವಾಸಕೋಶವನ್ನು ಕಾಯುವುದೇ ಅದರ ಮೊದಲ ಕೆಲಸವೆಂಬುದನ್ನು ಮರೆತುಬಿಡುತ್ತೇವೆ.

ಕುತ್ತಿಗೆಯ ಮುಂಭಾಗದ ಉಬ್ಬಿನ ಮೇಲೆ ಬೆರಳಿಟ್ಟು ಉಗುಳು ನುಂಗಿ ನೋಡಿರಿ. ಉಬ್ಬು ಮೇಲಕ್ಕೆ ನೆಗೆದು ಕೆಳಗಿಳಿಯುತ್ತದೆ. ಗೇಟು ಮುಚ್ಚಿ ತೆರೆದುದರ ಗುರುತು ಅದು.

ತುತ್ತನ್ನು ನಾಲಗೆಯಿಂದ ಹಿಂದಕ್ಕೆ ತಳ್ಳುವವರೆಗೆ ಮಾತ್ರ ಅಧಿಕಾರ ನಮ್ಮದು. ಗಂಟಲಿನ ಒಳಪದರವನ್ನು ಅದು ಮುಟ್ಟಿದೊಡನೆ ಅಲ್ಲಿಯ ನರಗಳು ಮಿದುಳಿನ ಬುಡದಲ್ಲಿರುವ ಮಣಿಶಿರಕ್ಕೆ ವರದಿ ಒಪ್ಪಿಸುತ್ತವೆ. ಅಲ್ಲಿಂದ ಆಜ್ಞೆ ಹೊರಡುತ್ತದೆ. ಉಸಿರು ನಿಲ್ಲುತ್ತದೆ, ಮೃದು ಅಂಗುಳು ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚುತ್ತದೆ, ಧ್ವನಿಪೆಟ್ಟಿಗೆ ಮೇಲೇರುತ್ತದೆ, ಎಪಿಗ್ಲಾಟಿಸ್ ಎಂಬ ಎಲೆಯಾಕಾರದ ಮುಚ್ಚಳ ಬಾಗುತ್ತದೆ, ಧ್ವನಿತಂತುಗಳು ಬಿಗಿಯಾಗಿ ಕೂಡಿಕೊಳ್ಳುತ್ತವೆ, ಅನ್ನನಾಳದ ಬಾಯಿ ತೆರೆಯುತ್ತದೆ. ಗಂಟಲಿನಲ್ಲಿ ಇಷ್ಟೂ ನಡೆಯುವುದು ಸುಮಾರು 1 ಸೆಕೆಂಡಿನಲ್ಲಿ! ಮಿದುಳಿನಿಂದ ಹೊರಡುವ 12 ಜೋಡಿ ನರಗಳಲ್ಲಿ 5 ಜೋಡಿ ಇದಕ್ಕಾಗಿ ದುಡಿಯುತ್ತವೆ. ಉಣ್ಣುವಾಗ ಮಾತು ಬೇಡವೆಂಬ ಹಿರಿಯರ ಕಟ್ಟಳೆಗೆ ಇಲ್ಲಿ ಕಾರಣ ಸಿಗುತ್ತದೆ. ಮಾತಿಗೆ ಧ್ವನಿತಂತುಗಳ ನಡುವೆ ಗಾಳಿ ಹಾಯಬೇಕು, ನುಂಗಲು ಅದೇ ದಾರಿ ಮುಚ್ಚಬೇಕು.

ಈ ನರಗಳಲ್ಲಿ ಮುಖ್ಯವಾದುದು ವೇಗಸ್. ಲ್ಯಾಟಿನ್ ಭಾಷೆಯಲ್ಲಿ ಅಲೆಮಾರಿ ಎಂದು ಅದರ ಅರ್ಥ. ಅದರ ಒಂದು ಕವಲು ಧ್ವನಿಪೆಟ್ಟಿಗೆಯ ಒಳಗೆ ತಾಕಿದ್ದನ್ನು ತಿಳಿಸುತ್ತದೆ. ಧ್ವನಿತಂತುಗಳನ್ನು ಮುಚ್ಚಿಸುವ ಇನ್ನೊಂದು ಕವಲಿನ ಹಾದಿಯಂತೂ ವಿಚಿತ್ರ. ಎಡಗಡೆಯದು ಎದೆಯೊಳಕ್ಕೆ ಇಳಿದು, ಹೃದಯದ ಮಹಾಧಮನಿಯನ್ನು ಬಳಸಿ, ಮತ್ತೆ ಗಂಟಲಿಗೆ ಏರುತ್ತದೆ. ಶಿವಮೊಗ್ಗೆಯ ಗಾಂಧಿಬಜಾರಿನಿಂದ ದುರ್ಗಿಗುಡಿಗೆ ಹೊರಟವನು ಭದ್ರಾವತಿಗೆ ಹೋಗಿ, ಕಬ್ಬಿಣದ ಕಾರ್ಖಾನೆಯನ್ನು ಸುತ್ತಿ, ಹಿಂದಿರುಗಿ ಬಂದಂತೆ! ಎರಡನೆಯ ಶತಮಾನದ ವೈದ್ಯ ಗ್ಯಾಲೆನ್ ಈ ನರವನ್ನು ಕತ್ತರಿಸಿದಾಗ ಕಿರುಚುತ್ತಿದ್ದ ಹಂದಿ ಮೂಕವಾಯಿತು. ಗಳಗಂಡದ ಶಸ್ತ್ರಚಿಕಿತ್ಸೆಯಲ್ಲಿ ಇಂದಿಗೂ ವೈದ್ಯರು ಈ ನರವನ್ನು ಬಹು ಎಚ್ಚರದಿಂದ ಕಾಪಾಡುತ್ತಾರೆ. ಅದಕ್ಕೆ ಪೆಟ್ಟಾದರೆ ಧ್ವನಿ ಒಡೆಯುವುದಲ್ಲದೆ, ಕುಡಿದ ನೀರೂ ದಾರಿ ತಪ್ಪಬಹುದು.

ದಾರಿ ತಪ್ಪಿದ್ದನ್ನು ಹೊರದೂಡಲು ಕೆಮ್ಮು ಇದೆ. ಪ್ರಜ್ಞೆ ತಪ್ಪಿದವರಲ್ಲಿ ನುಂಗುವ ಕ್ರಿಯೆಯನ್ನಾಗಲಿ ಕೆಮ್ಮನ್ನಾಗಲಿ ನಂಬುವಂತಿಲ್ಲ. ಬಿದ್ದವರ ಬಾಯಿಗೆ ನೀರು ಬಿಡುವ ನಮ್ಮ ರೂಢಿಯಲ್ಲಿ ಕರುಣೆಯಿದೆ, ಅಪಾಯವೂ ಇದೆ. ಆ ನೀರು ನೇರವಾಗಿ ಶ್ವಾಸಕೋಶಕ್ಕೆ ಇಳಿಯಬಹುದು. ಅವರನ್ನು ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನನ್ನೂ ಹಾಕದೆ, ಆಸ್ಪತ್ರೆಗೆ ಸಾಗಿಸಬೇಕು.

ಪಾರ್ಶ್ವವಾಯು ಬಡಿದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮೊದಲ ದಿನಗಳಲ್ಲಿ ನುಂಗುವುದು ಕಷ್ಟವಾಗುತ್ತದೆ. ಕೆಲವರಿಗೆ ಕೆಮ್ಮೂ ಬಾರದೆ ಆಹಾರ ಶ್ವಾಸನಾಳಕ್ಕೆ ಜಾರುವುದರಿಂದ, ನ್ಯುಮೋನಿಯಾ ತಗಲುವವರೆಗೆ ಮನೆಯವರಿಗೆ ತಿಳಿಯುವುದೇ ಇಲ್ಲ. ಆದ್ದರಿಂದ ನುಂಗುವ ಶಕ್ತಿಯನ್ನು ಪರೀಕ್ಷಿಸಿದ ಮೇಲೆಯೇ ಆಹಾರ ಕೊಡುವುದು ಕ್ರಮ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಮಾತಿನ ದೋಷಗಳಂತೆ ನುಂಗುವ ತೊಂದರೆಗಳಿಗೂ ಚಿಕಿತ್ಸೆ ದೊರೆಯುತ್ತದೆ. ಇಂಥ ರೋಗಿಗಳಲ್ಲಿ ಹಲವರಿಗೆ ನೀರಿಗಿಂತ ಮಂದವಾದ ಗಂಜಿಯೇ ಸುಲಭ. ನೀರು ಗೇಟು ಮುಚ್ಚುವ ಮೊದಲೇ ಓಡಿಬಿಡುತ್ತದೆ. ಗಂಜಿ ನಿಧಾನವಾಗಿ ಇಳಿದು, ದಣಿದ ನರಗಳಿಗೆ ಒಂದಿಷ್ಟು ಕಾಲಾವಕಾಶ ಕೊಡುತ್ತದೆ.